ಬುಧವಾರ ಬಂದ ಕಾಗದ

ಆ ಮೆರವಣಿಗೆ ಬೇಕಾಗಿರಲಿಲ್ಲ, ರುಕ್ಕು. ನಮ್ಮ ಬೇಡಿಕೆ ಹಿಂದಿನ ದಿನವೇ ಈಡೇರಿತ್ತು. ಒಪ್ಪಿಗೆಯ ಕಾಗದ ನನ್ನ ಬ್ಯಾಗಿನಲ್ಲಿತ್ತು — ಟಿಫನ್ ಡಬ್ಬಿಯ ಕೆಳಗೆ, ನಾಲ್ಕು ಮಡಿಕೆಯಾಗಿ. ನೀನು ಕೇಳಿದೆ. ನಾನು ಏನೂ ಬಂದಿಲ್ಲ ಎಂದೆ.

ಬರೆದುಬಿಟ್ಟೆ. ಮೂರು ಸಲ ಬೇರೆ ಥರ ಶುರು ಮಾಡಿ ಹರಿದುಹಾಕಿದ ಮೇಲೆ ಈ ನಾಲ್ಕು ಸಾಲು ಬಂದಿವೆ. ಹೆದರಿಕೆ ಇದೆ, ಆದರೆ ಬರೀ ಹೆದರಿಕೆಯಲ್ಲ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಮೈಯೆಲ್ಲ ಜುಮ್ಮೆನ್ನುತ್ತದೆ. ಅದೇ ನನ್ನ ರೋಗ. ನಾನು ನಿನಗೆ ಮಾಡಿದ ಅನ್ಯಾಯಕ್ಕೂ ಅದೇ ಮೂಲ.

ಹಳೆಯ ಸಹಪಾಠಿಗಳೆಲ್ಲ ಶ್ರೀರಂಗಪಟ್ಟಣದಲ್ಲಿ ಸೇರುತ್ತಿದ್ದಾರೆ, ಒಂದು ಸ್ಮರಣ ಸಂಚಿಕೆ ಬೇರೆ ತರುತ್ತಿದ್ದಾರೆ. ಹೋದ ವಾರ ನೀನು ಫೋನಿನಲ್ಲಿ ಹೇಳಿದೆ: “ಆಗ ಸಂಘದ ಕಾರ್ಯದರ್ಶಿ ನೀನೇ ತಾನೇ ಚಂದ್ರಿ, ನಡಿಗೆ ವಿಷಯ ನೀನೇ ಬರಿ. ನಡೆದದ್ದು ನಡೆದ ಹಾಗೆ ಬರಿ, ಉಪ್ಪುಖಾರ ಹಚ್ಚಬೇಡ.” ಆಯಿತು, ಹಚ್ಚುವುದಿಲ್ಲ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಸಂಚಿಕೆ ಓದುವವರಿಗೆ ತಿಳಿಯಬೇಕಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕ್ಯಾತನಹಳ್ಳಿಯ ಕಬ್ಬು ಬೆಳೆಯುವವರ ಮನೆಯ ಮಗಳು, ಎಂ.ಎ. ಕೊನೆಯ ವರ್ಷ. ಪಾಂಡವಪುರದ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತುತ್ತಿದ್ದೆ. ನೀನು ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವಳು, ಎಂ.ಎ. ಮುಗಿಸಿ ಎಂ.ಫಿಲ್. ಮಾಡುತ್ತಿದ್ದವಳು, ಮುಂದಿನ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ಮೊದಲ ಬಸ್ಸು ಹಿಡಿದು ಬಂದು ಅದೇ ರೈಲಿಗೆ ಸೇರಿಕೊಳ್ಳುತ್ತಿದ್ದರು. ವಿಶ್ವವಿದ್ಯಾನಿಲಯದಲ್ಲಿ ನಮಗೆಲ್ಲ ‘ರೈಲಿನವರು’ ಎಂದೇ ಹೆಸರು. ಹಾಸ್ಟೆಲಿನವರು ಇಟ್ಟ ಹೆಸರು ಅದು, ಸ್ವಲ್ಪ ಮೂಗು ಮುರಿದುಕೊಂಡೇ ಕರೆಯುತ್ತಿದ್ದರು.

ಸ್ನಾತಕೋತ್ತರ ವಿದ್ಯಾರ್ಥಿ ಸಂಘ ಯಾವತ್ತೂ ಹಾಸ್ಟೆಲಿನವರ ಕೈಯಲ್ಲೇ ಇತ್ತು. ಆ ವರ್ಷ ನಾವು ಬೋಗಿಯಿಂದ ಬೋಗಿಗೆ ಹೋಗಿ ಪ್ರಚಾರ ಮಾಡಿ, ರೈಲಿನವರ ಒಂದು ಮತವೂ ಆಚೀಚೆ ಹೋಗದ ಹಾಗೆ ನೋಡಿಕೊಂಡೆವು. ನೀನು ಅಧ್ಯಕ್ಷೆಯಾದೆ, ನಾನು ಕಾರ್ಯದರ್ಶಿ. ನಿನ್ನ ಹೆಸರು ಕೂಗಿದಾಗ ನಾನು ಚಪ್ಪಲಿ ಬಿಟ್ಟು ಕುಣಿದೆ. ಆಮೇಲೆ ನೋಡಿದರೆ ಒಂದು ಚಪ್ಪಲಿ ಇಲ್ಲ, ಬರಿಗಾಲಲ್ಲೇ ಊರು ಸೇರಿದೆ. ಸಂಘಕ್ಕೆ ಕೊಟ್ಟಿದ್ದು ಮೆಟ್ಟಿಲ ಕೆಳಗಿನ ಕೋಣೆ, ಒಂದು ಕುಂಟು ಮೇಜು, ಒಂದು ರಬ್ಬರ್ ಸ್ಟಾಂಪು. ಆ ಸ್ಟಾಂಪನ್ನು ಮೊದಲ ದಿನ ನನ್ನ ಅಂಗೈ ಮೇಲೇ ಒತ್ತಿಕೊಂಡು ನೋಡಿದ್ದೆ. ಆದರೆ ನಮ್ಮ ನಿಜವಾದ ಕಛೇರಿ ರೈಲೇ. ನೋಟೀಸನ್ನು ತೊಡೆಯ ಮೇಲಿಟ್ಟು ಬರೆಯುತ್ತಿದ್ದೆವು, ನಾಗನಹಳ್ಳಿಯಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲಿಸಿದಾಗ ಸಭೆ ಮಾಡಿ ಮುಗಿಸುತ್ತಿದ್ದೆವು.

ಹಾಗೆ ನಿಲ್ಲಿಸುವುದೇ ನಮ್ಮ ಶನಿಯಾಗಿತ್ತು. ಪರೀಕ್ಷೆ ಒಂಬತ್ತಕ್ಕೆ. ನಾವು ಎಷ್ಟೇ ಓಡಿದರೂ ಪರೀಕ್ಷೆಯ ಕೋಣೆ ಮುಟ್ಟುವುದು ಒಂಬತ್ತು ಇಪ್ಪತ್ತಕ್ಕೆ. ಹತ್ತು ನಿಮಿಷಕ್ಕೆ ಬಾಗಿಲು ಹಾಕುತ್ತಿದ್ದರು. ಹೆಚ್ಚಿನವರು ಪರೀಕ್ಷೆಯ ಹಿಂದಿನ ದಿನವೇ ಬಂದು ಯಾರದೋ ನೆಂಟರ ಮನೆಯಲ್ಲಿ ಬಿದ್ದುಕೊಳ್ಳುತ್ತಿದ್ದರು. ನೆಂಟರಿಲ್ಲದವರು? ನಾಗಮಂಗಲದ ಪುಟ್ಟಸ್ವಾಮಿ ಮುಚ್ಚಿದ ಬಾಗಿಲ ಮುಂದೆ ಪೆನ್ನು ಹಿಡಿದು ನಿಂತಿದ್ದ, ಅವನ ಒಂದು ವರ್ಷ ಅಲ್ಲಿಗೆ ಹೋಯಿತು. ಅವನ ಮುಖ ನೋಡಿದ ಮೇಲೆ ನೀನು ಹೇಳಿದ್ದು ಒಂದೇ ಮಾತು: “ಪರೀಕ್ಷೆ ಹತ್ತು ಗಂಟೆಗೆ ಆಗಲೇಬೇಕು.”

ಮೂರು ಮನವಿ ಕೊಟ್ಟೆವು, ಮೂರೂ ನೀನೇ ಬರೆದದ್ದು. ಉತ್ತರ ಬರಲಿಲ್ಲ. ಆಗ ನಡಿಗೆಯ ಯೋಚನೆ ಹೊಳೆದದ್ದೂ ನಿನಗೇ. “ರೈಲು ಹೊತ್ತಿಗೆ ಸರಿಯಾಗಿ ಮುಟ್ಟಿಸಲ್ಲ ತಾನೇ, ಪಟ್ಟಣದಿಂದ ನಡ್ಕೊಂಡೇ ಹೋಗೋಣ. ಎಷ್ಟು ಹೊತ್ತಿಗೆ ಬಂದ್ವಿ ಅಂತ ಅವರೇ ಗಡಿಯಾರ ನೋಡ್ಕೊಳ್ಳಲಿ,” ಎಂದೆ. ಬೋಗಿಯೆಲ್ಲ ಚಪ್ಪಾಳೆ. ಹತ್ತು ದಿನದ ಮೇಲಿನ ಗುರುವಾರ ಎಂದು ನಿಶ್ಚಯವಾಯಿತು.

ಆ ಹತ್ತು ದಿನ — ಅಬ್ಬಾ, ಆ ಹತ್ತು ದಿನ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ನೆನಪಿಲ್ಲ. ಕೆ.ಆರ್. ಪೇಟೆಯವರಿಗೆ ಹೇಳಿ ಕಳಿಸಿದೆ, ಹಳೇ ಪಂಚೆ ಹರಿದು ಬ್ಯಾನರು ಬರೆದೆ, ಗದ್ದೆಯ ಬದುವಿನಲ್ಲಿ ನಿಂತು ಭಾಷಣ ಬಾಯಿಪಾಠ ಮಾಡಿದೆ. ನನ್ನ ಜೀವನದ ಮೊದಲ ಭಾಷಣ. ಅಪ್ಪ ಮೊದಲು ಗುರ್ ಎಂದಿದ್ದರು: “ಓದಕ್ ಕಳ್ಸುದ್ರೆ ಬಾವುಟ ಇಡ್ಕೊಂಡು ಬೀದಿ ಸುತ್ತೀಯಾ?” ಆಮೇಲೆ ಅದೇನು ಅನಿಸಿತೋ, ಮಂಗಳವಾರ ಕೊಟ್ಟಿಗೆಯಿಂದಲೇ ಹೇಳಿದರು: “ದೂರದ ಮಕ್ಳು ಪಟ್ಣಕ್ಕೆ ಎಂಗ್ ಬಂದಾವು? ಟ್ರಾಕ್ಟರು ನಾನೇ ಓಡ್ಸ್ಕಬತ್ತೀನಿ ಬುಡು. ನೀನು ಬಾಸಣ ಮಾಡೋದ್ನ ನಾನೂ ಒಂದ್ಸಲ ಕೇಳ್ಬೇಕಲ್ವವ್ವ.” ಮಗಳ ಓದಿನ ಬಗ್ಗೆ ಅಪ್ಪ ಆಡಿದ ಮೊದಲ ಒಳ್ಳೆಯ ಮಾತು ಅದು.

ಇದರ ಮಧ್ಯೆ ನಿನಗೆ ಸಂದರ್ಶನದ ಕಾರ್ಡು ಬಂತು. ಕೆ.ಆರ್. ಪೇಟೆಯ ಒಂದು ಕಾಲೇಜು, ಕಾಯಂ ಹುದ್ದೆ. ಅದೇ ಗುರುವಾರ, ಬೆಳಿಗ್ಗೆ ಹತ್ತಕ್ಕೆ.

ಬುಧವಾರ ಮಧ್ಯಾಹ್ನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕುಲಸಚಿವರ ಆಫೀಸಿನ ಜವಾನ ಬಂದು ಟಪ್ಪಾಲು ಪುಸ್ತಕ ಚಾಚಿದ. “ಸೈನ್ ಆಕವ್ವ. ನಿಮ್ ಕೆಲ್ಸ ಆದಂಗ್ ಕಾಣ್ತದೆ,” ಎಂದ. ಸಹಿ ಹಾಕಿ ಲಕೋಟೆ ಒಡೆದು ನೋಡಿದೆ. ‘ತಮ್ಮ ಮೂರನೆಯ ಮನವಿಯನ್ನು ಪರಿಶೀಲಿಸಲಾಗಿ, ಇನ್ನು ಮುಂದೆ ಬೆಳಗಿನ ಪರೀಕ್ಷೆಗಳನ್ನು ಹತ್ತು ಗಂಟೆಗೆ ಆರಂಭಿಸಲು ತೀರ್ಮಾನಿಸಲಾಗಿದೆ.’ ಅಷ್ಟೇ. ಕೆಳಗೆ ಸಹಿ, ಮೊಹರು, ತಾರೀಖು.

ನಾನು ಕುಣಿಯಬೇಕಿತ್ತು. ಚುನಾವಣೆಗೆ ಚಪ್ಪಲಿ ಕಳೆದುಕೊಂಡವಳು ನಾನು. ಆದರೆ ಕುಣಿಯಲಿಲ್ಲ, ರುಕ್ಕು. ಅಯ್ಯೋ, ಹಾಗಾದರೆ ನಾಳೆ? — ಇದೇ ನನಗೆ ಬಂದ ಮೊದಲ ಯೋಚನೆ. ಪುಟ್ಟಸ್ವಾಮಿಯದ್ದಲ್ಲ, ನಿನ್ನದಲ್ಲ. ನನ್ನ ಬ್ಯಾನರು, ನನ್ನ ಭಾಷಣ, ಟ್ರಾಕ್ಟರಿನ ಮೇಲೆ ಕೂತ ನನ್ನ ಅಪ್ಪ.

ಈ ಮೂವತ್ತು ವರ್ಷದಲ್ಲಿ ಎಷ್ಟು ಸಬೂಬು ಕಟ್ಟಿಕೊಂಡಿದ್ದೇನೆ ಗೊತ್ತಾ? ಆಫೀಸಿನವರು ಮಾತು ತಪ್ಪಿಯಾರು, ನಡಿಗೆಯಾದರೆ ಗಟ್ಟಿಯಾಗುತ್ತದೆ, ಅಂತ ಒಂದು. ನೂರಾರು ಜನಕ್ಕೆ ಒಂದು ಮಧ್ಯಾಹ್ನದಲ್ಲಿ ಬೇಡ ಎಂದು ಹೇಳಿ ಕಳಿಸುವುದು ಹೇಗೆ, ಅಂತ ಇನ್ನೊಂದು. ಎಲ್ಲ ಸುಳ್ಳು. ಕಾಗದ ತೋರಿಸಿ, ಗೆದ್ದೆವು ಎಂದು ಸಾರಿ, ಸಂತೋಷಕ್ಕೇ ನಡೆಯೋಣ ಎನ್ನಬಹುದಿತ್ತು. ಆದರೆ ಆಗಿಹೋದ ಕೆಲಸಕ್ಕೆ ಯಾರು ಕೋಳಿ ಕೂಗುವ ಹೊತ್ತಿಗೆ ಎದ್ದು ಬರುತ್ತಾರೆ — ಅಂತ ನನಗೆ ಗೊತ್ತಿತ್ತು. ನನಗೆ ಹೋರಾಟ ಬೇಕಿತ್ತು. ಗೆಲುವು ಅಲ್ಲ, ಹೋರಾಟ. ಕಾಗದವನ್ನು ಮಡಿಸಿ ಬ್ಯಾಗಿನ ತಳಕ್ಕೆ ಹಾಕಿದೆ.

ಸಂಜೆಯ ರೈಲಿನಲ್ಲಿ ನೀನು ಎದುರಿಗೆ ಕೂತೆ. ಸಂದರ್ಶನದ ಕಾರ್ಡು ನಿನ್ನ ಕೈಯಲ್ಲಿತ್ತು, ಅದರ ಮೂಲೆಯನ್ನು ಮಡಿಸುತ್ತಿದ್ದೆ, ಬಿಡಿಸುತ್ತಿದ್ದೆ.

“ಚಂದ್ರಿ, ನಿಜ ಹೇಳು. ಆಫೀಸಿಂದ ಏನಾದ್ರೂ ಬಂತಾ? ಒಪ್ಕೊಳ್ಳೋ ಹಾಗಿದಾರೆ ಅನ್ನೋ ಸುದ್ದಿ ಸಿಕ್ಕಿದ್ರೂ ಸಾಕು, ನಾನು ನಾಳೆ ಪೇಟೆಗೆ ಹೋಗಿಬಿಡ್ತೀನಿ. ಅಪ್ಪನೂ ತುಂಬಾ ಆಸೆ ಇಟ್ಕೊಂಡಿದಾರೆ.”

“ಏನೂ ಬಂದಿಲ್ಲ ಕಣೆ,” ಎಂದೆ.

ನೀನು ಕಾರ್ಡನ್ನು ಪುಸ್ತಕದೊಳಗಿಟ್ಟು ನಕ್ಕೆ. “ಹಾಗಾದ್ರೆ ನಾನಿಲ್ದೆ ಹೇಗಾಗುತ್ತೆ? ಅಧ್ಯಕ್ಷೆನೇ ಓಡಿಹೋದ್ಲು ಅಂತಾರೆ.” ನೀನು ಪಟ್ಟಣದಲ್ಲಿ ಇಳಿದೆ. ರೈಲು ಎರಡು ನಿಮಿಷ ನಿಂತಿತ್ತು. ನೀನು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಒಂದು ಸಲ ರುಕ್ಕು ಎಂದು ಕೂಗಿದ್ದರೆ ಸಾಕಿತ್ತು. ನನ್ನ ಗಂಟಲು ಎಂಥದ್ದೆಂದು ನಾಲ್ಕು ತಾಲ್ಲೂಕಿಗೆ ಗೊತ್ತು — ಕೂಗಲಿಲ್ಲ.

ಗುರುವಾರದ ನಡಿಗೆಯನ್ನು ಹೇಗೆ ಬರೆಯಲಿ? ಕೆಟ್ಟದ್ದು ಎಂದು ಬರೆಯೋಣವೆಂದರೆ ಕೈ ಬರುವುದಿಲ್ಲ. ಬೆಳಿಗ್ಗೆ ಆರಕ್ಕೇ ಸ್ಟೇಷನ್ನಿನ ಮುಂದೆ ಜಾಗವಿಲ್ಲ. ಅಪ್ಪ ಟ್ರಾಕ್ಟರಿಗೆ ಬಾಳೆಕಂದು ಕಟ್ಟಿಕೊಂಡು ಬಂದಿದ್ದರು, ಟ್ರೈಲರಿನ ತುಂಬ ಪೇಟೆಯವರು, ನಾಗಮಂಗಲದವರು. ಹಾಸ್ಟೆಲಿನವರೂ ನಾಚಿಕೊಂಡು ಬಂದು ಸೇರಿದ್ದರು. ಸೇತುವೆ ದಾಟುವಾಗ ಹೊಳೆ ಮೇಲಿನ ಗಾಳಿಗೆ ಬ್ಯಾನರು ಪಟಪಟ ಬಡಿದುಕೊಂಡಿತು. ನೀನು ಸೀರೆಯ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ. ದಾರಿಯ ಹೋಟೆಲಿನವರು ಕರೆದು ನೀರು ಕೊಟ್ಟರು. ನಾವು ವಿಶ್ವವಿದ್ಯಾನಿಲಯದ ಬಾಗಿಲು ಮುಟ್ಟಿದಾಗ ಒಂಬತ್ತೂವರೆ. ರೈಲಿಗಿಂತ ಹತ್ತೇ ನಿಮಿಷ ತಡ ಎಂದು ಪುಟ್ಟಸ್ವಾಮಿ ಕೂಗಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಬ್ಯಾಗು ಹೆಗಲಲ್ಲೇ ಇತ್ತು.

ನನ್ನ ಭಾಷಣ ಆಯಿತು. ಆಮೇಲೆ ಕುಲಸಚಿವರು ಮೆಟ್ಟಿಲ ಮೇಲೆ ಬಂದು ನಿಂತರು, ಪಾಪ, ಏನೂ ಅರ್ಥವಾಗದ ಮುಖ ಹೊತ್ತು. ಕೈಯೆತ್ತಿ “ನಿಮಗೆ ನಿನ್ನೆಯೇ —” ಎಂದು ಶುರು ಮಾಡಿದರು.

ನಾನು ಬಾಯಿ ತೆಗೆದೆ. “ಬೇಕೇ ಬೇಕು,” ಎಂದು ಕೂಗಿದೆ. ನೂರಾರು ಗಂಟಲು “ಹತ್ತು ಗಂಟೆ ಬೇಕು,” ಎಂದವು. ಅವರು ಮತ್ತೆ ಬಾಯಿ ತೆಗೆದರು, ನಾನು ಮತ್ತೆ ಕೂಗಿದೆ. ಮೂರು ಸಲ. ನೀನು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದೆ. ಅವರ ಮಾತು ನಿನ್ನ ಕಿವಿಗೆ ಬೀಳಬಾರದೆಂದೇ ನಾನು ಕೂಗುತ್ತಿದ್ದೆ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಸೋತು ಅವರು ಅಷ್ಟನ್ನೇ ಹೇಳಿದರು: “ಒಪ್ಪಿದೆ. ಹತ್ತು ಗಂಟೆ.” ಎದ್ದ ಜೈಕಾರದಲ್ಲಿ ಅವರ ಹೆಸರೂ ಸೇರಿತು. ಅವರೂ ಮುಗುಳ್ನಕ್ಕು ಸುಮ್ಮನಾದರು. “ನನ್ ಮಗ್ಳು ಗೆದ್ಬುಟ್ಲು ಕಣ್ರಲಾ,” ಎಂದು ಅಪ್ಪ ಪಕ್ಕದವರ ಬೆನ್ನು ಗುದ್ದುತ್ತಿದ್ದರು. ಅಪ್ಪ ಸಾಯುವವರೆಗೂ ಹಾಗೇ ನಂಬಿದ್ದರು.

ನೀನು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. “ಹೋಗ್ಲಿ ಬಿಡೆ,” ಎಂದೆ ನೀನು. “ಇಂಟರ್ವ್ಯೂ ಇನ್ನೊಂದು ಬರುತ್ತೆ. ಇಂಥ ದಿನ ಬರುತ್ತಾ?”

ಇನ್ನೊಂದು ಬರಲಿಲ್ಲ. ಕಾಯಂ ಹುದ್ದೆಯ ಸಂದರ್ಶನ ನಿನಗೆ ಮತ್ತೆ ಬರಲೇ ಇಲ್ಲ. ಆ ಕಾಲೇಜು, ಈ ಕಾಲೇಜು, ಅತಿಥಿ ಉಪನ್ಯಾಸಕಿ. ಜೂನ್ ಬಂತೆಂದರೆ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಫೋನಿನ ಪಕ್ಕ ಕೂರುವುದು. ನಿನಗಿಂತ ಕಡಿಮೆ ಓದಿದ ನನಗೆ ಎರಡೇ ವರ್ಷಕ್ಕೆ ಪಾಂಡವಪುರದಲ್ಲಿ ಕಾಯಂ ಕೆಲಸ ಸಿಕ್ಕಿತು. ಮೊದಲ ದಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಟಪ್ಪಾಲು ಪುಸ್ತಕದ ಸಹಿ ನೆನಪಾಯಿತು. ಆ ಹುದ್ದೆ ನಿನಗೆ ಸಿಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನೀನು ಸಂದರ್ಶನದ ಕುರ್ಚಿಯಲ್ಲಿ ಹೋಗಿ ಕೂರುವುದನ್ನೇ ನಾನು ತಪ್ಪಿಸಿದೆ.

ಹೇಳಬೇಕೆಂದು ಎಷ್ಟು ಸಲ ಬಂದಿದ್ದೇನೆ! ನಿನ್ನ ಮಗಳ ಮದುವೆಯಲ್ಲಿ ಹೇಳದಂತೆ ಮಾಡಿದವಳು ನೀನೇ. ಪಂಕ್ತಿಯಲ್ಲಿ ಬೀಗರನ್ನು ನನ್ನ ಹತ್ತಿರ ಕರೆತಂದು ಹೇಳಿದೆ: “ಇವಳೇ ಚಂದ್ರಕಲಾ. ಇಂಟರ್ವ್ಯೂ ಬಿಟ್ಟು ನಡೆದು ಹತ್ತು ಗಂಟೆ ತಂದೆ ಅಂದ್ನಲ್ಲ, ನಾನು ಮಾಡಿದ ದೊಡ್ಡ ಕೆಲಸ ಅದೊಂದೇ. ಇವಳೇ ಸಾಕ್ಷಿ.” ಒಬ್ಬಟ್ಟನ್ನು ಎಲೆಯ ಮೇಲೇ ಬಿಟ್ಟು ಎದ್ದೆ. ಕೆಲಸ ಕಿತ್ತುಕೊಂಡದ್ದು ಸಾಲದೆಂದು ಈಗ ನಿನ್ನ ಹತ್ತಿರ ಉಳಿದಿರುವ ಆ ಒಂದನ್ನೂ — ಹಾಗೆಂದುಕೊಂಡು ಸುಮ್ಮನಾದೆ. ಅದೂ ಸಬೂಬೇ ಇರಬಹುದು. ನಿನ್ನ ಹೆಮ್ಮೆಯನ್ನು ಕಾಯುತ್ತಿದ್ದೇನೆ ಎಂದುಕೊಂಡು ನನ್ನ ಮಾನವನ್ನು ಕಾಯ್ದುಕೊಂಡೆ.

ಕಾಗದ ಇನ್ನೂ ನನ್ನ ಹತ್ತಿರವಿದೆ. ಮಡಿಕೆಯ ಗೆರೆಯಲ್ಲಿ ಹರಿದಿದೆ, ತಾರೀಖು ಮಾತ್ರ ಸ್ಪಷ್ಟ. ಒಂದು ಮಾತು, ಸಮಾಧಾನಕ್ಕಲ್ಲ: ‘ತಮ್ಮ ಮೂರನೆಯ ಮನವಿ’ ಎಂದೇ ಅದು ಶುರುವಾಗುತ್ತದೆ. ಹತ್ತು ಗಂಟೆ ತಂದದ್ದು ನೀನು ಬರೆದ ಮೂರು ಹಾಳೆ. ನನ್ನ ಗಂಟಲಲ್ಲ, ನಿನ್ನ ಕಾಲಿನ ಬೊಬ್ಬೆಯೂ ಅಲ್ಲ. ನೀನು ಅಂದೇ ಗೆದ್ದಿದ್ದೆ. ಗೆದ್ದವಳಿಗೆ ಗೆದ್ದೆ ಎಂದು ಹೇಳದೆ ಹದಿನೈದು ಕಿಲೋಮೀಟರು ನಡೆಸಿದವಳು ನಾನು.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಇದನ್ನು ಅಚ್ಚಿಗೆ ಕೊಡುವ ಮೊದಲು ನಿನ್ನ ಮುಂದೆ ಕೂತು ಓದುತ್ತೇನೆ, ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ಆಮೇಲೆ ನೀನು ಏನು ಹೇಳಬೇಕೋ ಹೇಳು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಈ ಸಲ ನಾನು ನಡುವೆ ಕೂಗುವುದಿಲ್ಲ, ರುಕ್ಕು.