ಸನ್ನೆಮರದ ತುದಿಯಲ್ಲಿ ಕೂತ ಮುಂಜಾನೆ

ಮದುವೆಯಾಗಿ ಮನೋಳಿಗೆ ಬಂದಾಗ ಆ ಮನೆಯಲ್ಲಿ ನನ್ನನ್ನು ಮೊದಲು ನಗಿಸಿದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳು ಸಣಕಲು, ನಾನು ದಪ್ಪ. ಹೊಲಕ್ಕೆ ಹೊರಡುವಾಗ ನಾನು ಚಕ್ಕಡಿಯ ಹಿಂದೆ ಕೂತರೆ, "ಮುಂದ ಸರೀ ಯವ್ವಾ, ಎತ್ತಿನ ಕಾಲು ನೆಲಾ ಬಿಡತಾವು" ಅನ್ನುತ್ತಿದ್ದಳು. ಒಂದೇ ಅಡುಗೆಮನೆಯಲ್ಲಿ ನಮಗೆ ಜಗಳವೂ ಇತ್ತು, ನಗೆಯೂ ಇತ್ತು.

ಮನೆ ಹಳೆಯದು. ಕಲ್ಲು ಮಣ್ಣಿನ ದಪ್ಪ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆ. ಆ ವರ್ಷ ಮಳೆ ಬಿಡಲಿಲ್ಲ. ಮಲಪ್ರಭೆಯ ನೀರು ನಮ್ಮ ಓಣಿಯವರೆಗೆ ಬರದಿದ್ದರೂ ಮೇಲಿನ ಮಳೆಯೇ ಸಾಕಾಯಿತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು, ಅದನ್ನು ಹೊರಬೇಕಾದ ಗೋಡೆ ಅದೇ ನೀರಿಗೆ ಮೆತ್ತಗಾಯಿತು. ಅಕ್ಕನ ಗಂಡ, ನನ್ನ ಭಾವ, ದಿನಾ ಗೋಡೆಗೆ ಕೈ ಹಚ್ಚಿ ನೋಡುತ್ತಿದ್ದರು. ಮಳೆ ನಿಂತು ಹೊಳವಾದ ಕೂಡಲೇ ಸವದತ್ತಿಯಿಂದ ತಗಡು ತರುವುದೆಂದು ಮಾತಾಗಿತ್ತು.

ಅವತ್ತು ಬೆಳಿಗ್ಗೆ ನನ್ನ ಗಂಡ ಬೈಲಹೊಂಗಲಕ್ಕೆ ಕೆಲಸಕ್ಕೆ ಹೋಗಿದ್ದರು. ಭಾವ ಹಿತ್ತಲಲ್ಲಿ ದನಕ್ಕೆ ಮೇವು ಹಾಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅಕ್ಕಪಕ್ಕದವರೊಡನೆ ಮಾತಾಡುತ್ತಿದ್ದೆ. ಒಳಗೆ ಜೋಳದ ಚೀಲ ನೆನೆಯಬಾರದೆಂದು ಅಕ್ಕ ಅದನ್ನು ಗೋಡೆಯಿಂದ ಈಚೆಗೆ ಎಳೆಯುತ್ತಿದ್ದಳು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ತುಂಬಿದ ಚೀಲ ಕೆಡವಿದಂತೆ ಕೇಳಿಸಿತು. ತಿರುಗಿ ನೋಡಿದರೆ ಒಳಗೆಲ್ಲ ಬೆಳಕು. ಪಡಸಾಲೆಯ ಮೇಲೆ ಮಾಳಿಗೆಯೇ ಇರಲಿಲ್ಲ.

ಅಕ್ಕ ಅಂಗಾತ ಬಿದ್ದಿದ್ದಳು. ತೊಲೆ ಅವಳ ಎರಡೂ ತೊಡೆಗಳ ಮೇಲಿತ್ತು. ತೊಲೆಯ ಒಂದು ತುದಿ ಇನ್ನೂ ಎದುರು ಗೋಡೆಯಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದರ ಮೇಲೆ ಹಸಿ ಮಣ್ಣಿನ ಗುಡ್ಡೆ. ಕಣ್ಣು ಬಿಟ್ಟಿದ್ದಳು.

"ಉಸರ ಆಡಾಕತ್ತೈತಿ," ಎಂದಳು. "ಕಾಲಷ್ಟ ಹಿಡದೈತಿ."

ಓಣಿಯವರೆಲ್ಲ ಓಡಿ ಬಂದರು. ಭಾವ ಬರಿಗೈಯಲ್ಲೇ ತೊಲೆ ಎತ್ತಲು ಹೋದರು. ಪಕ್ಕದ ಮನೆಯ ಕಾಕಾ ಅವರ ತೋಳು ಹಿಡಿದು ನಿಲ್ಲಿಸಿದರು. ಎತ್ತಿದರೆ ಗೋಡೆಯಲ್ಲಿದ್ದ ತುದಿ ಕಳಚಿ ಉಳಿದದ್ದೂ ಅವಳ ಮೇಲೆ ಬೀಳುವಂತಿತ್ತು. ಜೆಸಿಬಿ ನಮ್ಮ ಓಣಿಯಲ್ಲಿ ಹಾಯುವಂತಿರಲಿಲ್ಲ.

"ಮೊದಲ ಇದು ಇನ್ನ ಕೆಳಗ ಇಳೀದಂಗ ತಡೀರಿ. ಆಮ್ಯಾಲ ಮಣ್ಣ ತಗಿಯೂಣು," ಎಂದರು ಕಾಕಾ.

ಮುರಿದ ಚಕ್ಕಡಿಯ ಉದ್ದನೆಯ ಮರವೊಂದು ಕೊಟ್ಟಿಗೆಯಲ್ಲಿತ್ತು. ಅದರ ಒಂದು ತುದಿಯನ್ನು ತೊಲೆಯ ಕೆಳಗೆ ತೂರಿಸಿ, ಹತ್ತಿರದಲ್ಲೇ ಮರದ ಅಡಿಗೆ ಬೀಸುಕಲ್ಲು ಕೊಟ್ಟು ಸನ್ನೆ ಹಾಕಿದರು. ಇನ್ನೊಂದು ಉದ್ದ ತುದಿಯ ಮೇಲೆ ಭಾರ ಬೇಕಿತ್ತು. ಗಂಡಸರೆಲ್ಲ ಮಣ್ಣಿಗೆ ಬೇಕಾಗಿದ್ದರು. ನಾನು ಹೋಗಿ ಕೂತೆ. ನನ್ನ ಹಿಂದೆ ಕಾಕಾನ ಹೆಂಡತಿ, ಕಾಕೂ, ಕೂತರು. ಮರ ಕಿರ್ರೆಂದು ಸ್ವಲ್ಪ ತಗ್ಗಿ ನಿಂತಿತು. ತೊಲೆ ಮೇಲೇಳಲಿಲ್ಲ, ಕೆಳಗೂ ಇಳಿಯಲಿಲ್ಲ.

"ಏನಾದರೂ ಆಗಲಿ, ಏಳಬ್ಯಾಡವಾ. ನೀ ಎದ್ದರ ಅಷ್ಟೂ ಅಕಿ ಮ್ಯಾಲ ಬೀಳತೈತಿ," ಎಂದು ಕಾಕಾ ನನಗೆ ಹೇಳಿದರು.

ಅಕ್ಕನ ಮುಖ ನನ್ನ ಎದುರಿಗೇ ಇತ್ತು, ಆದರೆ ಕೈ ಚಾಚಿದರೂ ಮುಟ್ಟುವಷ್ಟು ಹತ್ತಿರವಿರಲಿಲ್ಲ. ಮುಖದ ಮೇಲೆ ಮಳೆ ಹನಿಯುತ್ತಿತ್ತು. ಗಂಡಸರು ಬುಟ್ಟಿ ಬುಟ್ಟಿ ಮಣ್ಣು ತೆಗೆದು ಹೊರಗೆ ಹಾಕುತ್ತಿದ್ದರು. ಅವಳು ನನ್ನನ್ನೇ ನೋಡುತ್ತಿದ್ದಳು.

"ನಿನ್ನ ತೂಕಾ ಇವತ್ತ ಉಪಯೋಗಕ್ಕ ಬಂತ ನೋಡ," ಎಂದಳು.

ನನಗೆ ನಗಲು ಭಯವಾಯಿತು. ನಕ್ಕರೆ ಮೈ ಅಲುಗುತ್ತದೆ. ಸೊಂಟದಿಂದ ಕೆಳಗೆ ನನಗೂ ಜೋಮು ಹಿಡಿದಿತ್ತು.

ಸ್ವಲ್ಪ ಹೊತ್ತಿನ ನಂತರ ಅವಳು ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ಸೀರಿ ಮ್ಯಾಲ ಸರದೈತಿ. ಗಂಡಸರದಾರ. ಸರಿ ಮಾಡವಾ."

ನಾನು ಏಳುವಂತಿರಲಿಲ್ಲ. ಭಾವನನ್ನು ಕೂಗಿ, "ಭಾವಾರ, ಅಕ್ಕನ ಕಾಲಮ್ಯಾಲ ಏನರೆ ಹೊಚ್ಚರಿ," ಎಂದೆ. ಅವರು ಹೆಗಲ ಮೇಲಿನ ಟಾವೆಲ್ ತೆಗೆದು ಅವಳ ಮೊಣಕಾಲಿಗೆ ಹೊದಿಸಿದರು. ಟಾವೆಲ್ ತುಂಬ ಮಣ್ಣಿತ್ತು. ಅವಳು ಕಣ್ಣು ಮುಚ್ಚಿದಳು.

ಮಣ್ಣು ಕಡಿಮೆಯಾದಂತೆ ನಾವು ಕೂತ ತುದಿ ತಾನಾಗಿ ತಗ್ಗತೊಡಗಿತು. ತೊಲೆ ಒಮ್ಮೆಲೇ ಎದ್ದರೆ ಗೋಡೆಯ ತುದಿ ಕಳಚುತ್ತಿತ್ತು. ಕಾಕಾ ತಮ್ಮ ಹೆಂಡತಿಯನ್ನು ಮೆಲ್ಲಗೆ ಇಳಿಸಿದರು. ನನಗೆ ಮುಂದೆ, ಬೀಸುಕಲ್ಲಿನ ಕಡೆಗೆ ಸರಿಯಲು ಹೇಳಿದರು. ಗೇಣು ಗೇಣಾಗಿ ಸರಿದೆ. ತೊಲೆ ನಿಂತಲ್ಲೇ ನಿಂತಿತು. ಅವರು ಅದರ ಅಡಿಗೆ ಕಲ್ಲು ಕೊಡುತ್ತ ಹೋದರು. ಕೊನೆಗೆ ಎಲ್ಲರೂ ಸೇರಿ ಎತ್ತಿ, ಅಕ್ಕನನ್ನು ಕಂಕುಳಿಗೆ ಕೈ ಹಾಕಿ ಎಳೆದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಓಣಿಯವರೆಲ್ಲ ಉಸಿರು ಬಿಟ್ಟರು. ಯಾರೋ ಚಹಾ ತಂದರು. ಅಕ್ಕ ಎರಡು ಗುಟುಕು ಕುಡಿದಳು. ಕಾಲು ಬೆಳ್ಳಗೆ, ತಣ್ಣಗಿದ್ದವು. ಮೂಳೆ ಮುರಿದಂತೆ ಕಾಣಲಿಲ್ಲ. "ದೇವರು ದೊಡ್ಡಾಂವ" ಎಂದರು ಕಾಕೂ. ಅಂಬುಲೆನ್ಸಿನಲ್ಲಿ ಸವದತ್ತಿಗೆ, ಅಲ್ಲಿಂದ ಧಾರವಾಡಕ್ಕೆ ಒಯ್ದೆವು. ದಾರಿಯಲ್ಲಿ ಕಾಲು ಬಾತುಕೊಂಡವು. ಮೂತ್ರ ಕಟ್ಟಿತು. ಅವಳು ಒಂದೇ ಸಮನೆ ನೀರು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಮರುದಿನ ಮಧ್ಯಾಹ್ನ ಅವಳ ಹೃದಯ ನಿಂತಿತು.

ಡಾಕ್ಟರು ತಾಳ್ಮೆಯಿಂದಲೇ ತಿಳಿಸಿ ಹೇಳಿದರು. ಬಹಳ ಹೊತ್ತು ಜಜ್ಜಿಕೊಂಡಿದ್ದ ಮಾಂಸದಲ್ಲಿ ವಿಷ ಸೇರುತ್ತದಂತೆ. ಭಾರ ಇರುವವರೆಗೆ ಅದು ಅಲ್ಲೇ ಇರುತ್ತದೆ. ಭಾರ ತೆಗೆದ ಕೂಡಲೇ ರಕ್ತದೊಡನೆ ಹರಿದು ಮೂತ್ರಪಿಂಡ, ಹೃದಯ ಎರಡನ್ನೂ ಹಿಡಿಯುತ್ತದೆ. "ನೀವು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ" ಎಂದೂ ಹೇಳಿದರು. ಭಾವ ಅದನ್ನು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಅವರು ಗೋಡೆಯನ್ನೇ ನೋಡುತ್ತಿದ್ದರು.

ಅಕ್ಕನನ್ನು ಮಣ್ಣು ಮಾಡಿದ ಮೇಲೆ ನಾವು ಊರ ಶಾಲೆಯ ಕೋಣೆಯಲ್ಲಿ ಕೆಲವು ದಿನ ಇದ್ದೆವು. ಕೂತಲ್ಲಿಂದ ಏಳಬೇಕಾದಾಗ ನನ್ನ ಮೈ ಹಿಂದೆಗೆಯುತ್ತಿತ್ತು. ಊಟಕ್ಕೆ ಕೂತರೂ ಹಾಗೆಯೇ. ಏನೋ ಬೀಳುತ್ತದೆಂದು ಯಾರೋ ಒಳಗೆ ಹೇಳಿದಂತಾಗುತ್ತಿತ್ತು. ನನ್ನ ಗಂಡ ಕೈ ಹಿಡಿದು ಎಬ್ಬಿಸುತ್ತಿದ್ದರು.

ಒಂದು ಸಂಜೆ ಭಾವ ಶಾಲೆಯ ಕಟ್ಟೆಯ ಮೇಲೆ ನನ್ನಿಂದ ಸ್ವಲ್ಪ ದೂರದಲ್ಲಿ ಬಂದು ಕೂತರು.

"ಹಂಗ ಬಿಟ್ಟಿದ್ದರ ಬದಕತಿದ್ದಳೇನವಾ?"

"ಹಂಗ ಬಿಡಾಕ ಆಗತಿತ್ತೇನ್ರಿ, ಭಾವಾರ?"

ಅವರು ಹೆಗಲ ಮೇಲಿನ ಟಾವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮಾತಾಡಾಕತ್ತಿದ್ದಳಲ್ಲಾ," ಎಂದರು. "ತೊಲಿ ಮೈಮ್ಯಾಲ ಇದ್ದಷ್ಟೊತ್ತೂ ಮಾತಾಡಿದಳು."

ದನ ಹೊಡೆದುಕೊಂಡು ಬರುವ ಹೊತ್ತಾಗಿತ್ತು. ಭಾವ ಎದ್ದು ಹೊಳೆಯ ಕಡೆ ಹೋದರು.