ಶಿಂಷಾ ಈಜಿದ ಮೇಷ್ಟ್ರ ಮೂಲ

ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡಿರುವ ಮಹದೇವು ಹಗಲು ವಿಮಾ ಕಚೇರಿಯ ಗುಮಾಸ್ತ, ಸಂಜೆಯ ಮೇಲೆ ಇತಿಹಾಸಕಾರ. ಎರಡರಲ್ಲೂ ಬಡ್ತಿ ಸಿಕ್ಕಿರಲಿಲ್ಲ. ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಅವನು ಬರೆದದ್ದು ಒಂದೇ ಪುಟ: ಬೆಸಗರಹಳ್ಳಿಯ ತಮ್ಮ ಬೀದಿಯಲ್ಲಿ ಹಿಂದೆ ಕೂಲಿಯವರ ಮಕ್ಕಳಿಗೆ ರಾತ್ರಿ ಶಾಲೆ ನಡೆಸಿದ ಕೆಂಪಸಿದ್ದಯ್ಯ ಮೇಷ್ಟ್ರದು. ಬೀದಿಯವರ ಪೈಕಿ ಅಲ್ಲಿಗೆ ಏರಿದ ಮೊದಲ ಹೆಸರು. 'ಶಿಂಷಾ ತುಂಬಿ ಹರಿಯುವಾಗ ಸ್ಲೇಟಿನ ಗಂಟು ತಲೆಯ ಮೇಲಿಟ್ಟುಕೊಂಡು ಈಜಿ ಬಂದರು' ಎಂಬ ವಾಕ್ಯ ಓದಿದಾಗಲೆಲ್ಲ ಬರೆದವನಿಗೇ ಮೈ ಜುಮ್ಮೆನ್ನುತ್ತಿತ್ತು.

ಕುತ್ತು ಬಂದದ್ದೂ ಅದಕ್ಕೇ. ವಿಶ್ವಕೋಶದ ಪುಟಗಳನ್ನು ತಿದ್ದುವ ಅರುಂಧತಿ ಎಂಬವರು, 'ಇದಕ್ಕೆ ನೀವು ಕೊಟ್ಟಿರುವ ಸ್ಮರಣ ಸಂಚಿಕೆಯೊಂದೇ ಸಾಲದು. ನಂಬುವಂಥ ಮೂಲ ಕೊಡದಿದ್ದರೆ ಪುಟವನ್ನೇ ಅಳಿಸಬೇಕಾಗುತ್ತದೆ' ಎಂದು ಬರೆದರು.

ಮೇಷ್ಟ್ರ ನೆನಪಿಗೆ ಆ ಸಂಚಿಕೆ ಹೊರತಂದವನು ಮದ್ದೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯ ಸಿದ್ದರಾಜು. ಮಹದೇವು ಭಾನುವಾರವೇ ಬಸ್ಸು ಹತ್ತಿದ.

"ಮೂಲ ಏನ್ಲಾ ಮೂಲ? ನಿಮ್ ದೊಡ್ಡವ್ವ ದೇವಿರಮ್ಮ ಏಳ್ತು, ನಾನು ಅಚ್ಚಾಕ್ಸ್ದೆ. ತೊಂಬತ್ತಾದ ಮುದ್ಕಿ ಸುಳ್ಳೇಳ್ತದಾ?" ಎಂದ ಸಿದ್ದರಾಜು.

ಮಹದೇವು ಕುಣಿದುಕೊಂಡು ಬೆಸಗರಹಳ್ಳಿಗೆ ಬಂದ. ದೇವಿರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನು ಮೊಬೈಲನ್ನು ರೆಕಾರ್ಡಿಗೆ ಹಾಕಿದ.

"ದೊಡ್ಡವ್ವ, ಮೇಸ್ಟ್ರು ಒಳೆ ಈಜಿದ್ದ ನೀನು ಕಣ್ಣಾರೆ ಕಂಡ್ಯಾ?"

"ನಾನೆಲ್ಲಿ ಕಂಡೆ! ನೀನೇ ಅಲ್ವೇನ್ಲಾ ಏಳಿದ್ದು? ಅವ್ರ ಪಟಕ್ಕೆ ಆರ ಆಕ್ದಾಗ, ಮೈಕ್ ಇಡ್ಕಂಡು. ಕೇಳಿ ನಂಗೆ ಅಳೂನೇ ಬಂದ್ಬುಡ್ತು."

ಮಹದೇವು ರೆಕಾರ್ಡು ನಿಲ್ಲಿಸಿದ. ಆ ಸಭೆ ನೆನಪಾಯಿತು. ಮೊದಲ ಭಾಷಣಕಾರ ಮೇಷ್ಟ್ರನ್ನು ಮಳೆಯಲ್ಲಿ ನೆನೆಸಿದ್ದ. ಎರಡನೆಯವನು ಮಂಡಿಯುದ್ದ ನೀರಿಗಿಳಿಸಿದ್ದ. ನಮ್ಮ ಕಡೆಯ ವೇದಿಕೆಗಳಲ್ಲಿ ಹಿಂದಿನವನಿಗಿಂತ ಕಡಿಮೆ ಹೇಳಿ ಕೂತರೆ ಸತ್ತವರಿಗೆ ಅವಮಾನ. ಮೂರನೆಯವನಾದ ಮಹದೇವುಗೆ ಹೊಳೆ ತುಂಬಿಸದೆ ಬೇರೆ ದಾರಿಯಿರಲಿಲ್ಲ.

"ಅಂಗಾದ್ರೆ ನಿಂಗೆ ಗೊತ್ತಿರೋದೇನು ದೊಡ್ಡವ್ವ?"

"ಮೇಸ್ಟ್ರಿಗೆ ನೀರು ಕಂಡ್ರೆ ಬಯ ಕಣ್ಲಾ. ಕೆರೆ ತಾವ್ಕೂ ಓಯ್ತಿರ್ಲಿಲ್ಲ. ಈಜಿದ್ರು ಅಂತ್ಲೇ ಇರ್ಲಿ ಬುಡು, ಚೆಂದಾಗದೆ."

ಅವಳಿಂದ 'ಈಜಿದ್ರು' ಎಂದೇ ಇನ್ನೊಮ್ಮೆ ಹೇಳಿಸಿ ರೆಕಾರ್ಡು ಮಾಡಿ ಕಳಿಸಿದರೆ ಪುಟ ಉಳಿದೀತು. ಮಹದೇವು ಮೊಬೈಲನ್ನು ಎರಡು ಸಲ ಎತ್ತಿ ಎರಡು ಸಲ ಇಳಿಸಿದ. ಕೊನೆಗೆ ಎದ್ದು, ಹಳೆಯ ಶಾಲೆಯ ಗೋಡೆಯಲ್ಲಿ ಮೇಷ್ಟ್ರ ಹೆಸರು, ಇಸವಿ ಕೊರೆದಿದ್ದ ಕಲ್ಲಿನ ಫೋಟೋ ತೆಗೆದು ಪುಟಕ್ಕೆ ಹಾಕಿದ. ಪುಟದಿಂದ ಹೊಳೆಯನ್ನು ತೆಗೆದ. ಅರುಂಧತಿಯವರಿಗೆ ಬರೆದ: 'ಈಜಿದ್ದಕ್ಕೆ ಮೂಲ ಹುಡುಕಿದೆ. ಸಿಕ್ಕಿದವನು ನಾನೇ.'

ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಕಲ್ಲು ಸಾಕು. ಪುಟ ಇರಲಿ.'

ಮಹದೇವು ಉಳಿದ ಪುಟವನ್ನು ದೇವಿರಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ.

"ಎಲ್ಡೇ ಸಾಲಾ?" ಎಂದಳು ಅವಳು. "ಇದ್ಕೆ ಮಂಡ್ಯದಿಂದ ಬಂದ್ಯಾ? ಬಾ, ಕೂತ್ಕಂಡು ಕಾಯಿ ಸುಲಿ. ಸಾರ್ಗಾದ್ರೂ ಆಯ್ತದೆ."