ಅಪ್ಪನ ಕ್ಯಾಮರಾ ಕೊಟ್ಟು ತಂದ ಕ್ಯಾಮರಾ

ಅದು 1934ನೆಯ ಇಸವಿ. ಅಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮ ಮನೆ. ಮನೆಯ ಮುಂಭಾಗದಲ್ಲೇ ಅಪ್ಪ ಮತ್ತು ಚಿಕ್ಕಪ್ಪ ಸೇರಿ ನಡೆಸುತ್ತಿದ್ದ ಫೋಟೋ ಸ್ಟುಡಿಯೋ. ಅಪ್ಪ ಹೋದ ಮೇಲೆ ಚೌರಪ್ಪ ಚಿಕ್ಕಪ್ಪನದೇ ಯಜಮಾನಿಕೆ. ನಾನು ಒಳಕೋಣೆಯಲ್ಲಿ ಕೂತು, ಗಾಜಿನ ನೆಗೆಟಿವ್‌ಗಳ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಗಿರಾಕಿಗಳ ಮುಖದ ಸಿಡುಬಿನ ಕಲೆ ಮುಚ್ಚುತ್ತಿದ್ದೆ. ಮುಂದಿನ ಕೋಣೆಯಲ್ಲಿ ಚಿಕ್ಕಪ್ಪ ಲೆನ್ಸಿನ ಮುಚ್ಚಳದ ಮೇಲೆ ಕೈಯಿಟ್ಟು "ಅಲ್ಲಾಡ್ಬೇಡೀ!" ಎಂದು ಅಬ್ಬರಿಸುವುದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಫೋಟೋ ತೆಗೆಯುವುದು ಗಂಡಸರ ಕೆಲಸ, ತಿದ್ದುವುದು ಹೆಂಗಸರ ಕೆಲಸ ಎನ್ನುವುದು ಅವರ ತೀರ್ಮಾನ. ನನ್ನದಲ್ಲ.

ಅಪ್ಪ ಕೊನೆಗಾಲದಲ್ಲಿ ತಮ್ಮ ಕ್ಯಾಮರಾ ನನಗೇ ಎಂದು ಎಲ್ಲರೆದುರು ಹೇಳಿದ್ದರು. ತೇಗದ ಮರದ ಪೆಟ್ಟಿಗೆ, ಮೂರು ಕಾಲಿನ ಮರದ ಸ್ಟ್ಯಾಂಡು, ತಲೆಗೆ ಹೊದ್ದುಕೊಳ್ಳುವ ಕಪ್ಪು ಬಟ್ಟೆ, ಮೇಲೆ ಒಂದು ಹೊರೆ ಗಾಜಿನ ಪ್ಲೇಟು. ಅಪ್ಪನಿಗೆ ಹಕ್ಕಿ ಎಂದರೆ ಹುಚ್ಚು. ಬಿಡುವಾದಾಗಲೆಲ್ಲ ಇಷ್ಟನ್ನೂ ಜಟಕಾದಲ್ಲಿ ಹೇರಿಕೊಂಡು, ನನ್ನನ್ನೂ ಕೂರಿಸಿಕೊಂಡು ಬೋಗಾದಿ ಕೆರೆಗೆ ಹೋಗುತ್ತಿದ್ದರು. ಸ್ಟ್ಯಾಂಡು ನಿಲ್ಲಿಸಿ, ಬಟ್ಟೆಯೊಳಗೆ ತಲೆ ತೂರಿಸಿ ನೋಡಿ, ಪ್ಲೇಟು ಹಾಕುವಷ್ಟರಲ್ಲಿ ಹಕ್ಕಿ ಜಾಗ ಖಾಲಿ ಮಾಡಿರುತ್ತಿತ್ತು. ಅವರ ಪ್ಲೇಟುಗಳಲ್ಲಿ ನೀರಿತ್ತು, ಜೊಂಡಿತ್ತು, ಹಕ್ಕಿ ಇರಲಿಲ್ಲ. "ಒಂದಾದ್ರೂ ಸಿಕ್ಕಬೇಕು ಕಣಮ್ಮ" ಎನ್ನುತ್ತಲೇ ಹೋಗಿಬಿಟ್ಟರು.

ಆ ಕ್ಯಾಮರಾವನ್ನು ನಾನೊಬ್ಬಳೇ ಹೊತ್ತು ಬೀದಿಯ ತಿರುವು ದಾಟಲೂ ಆಗಲಿಲ್ಲ. ಒಂದು ದಿನ ಮನಸ್ಸು ಗಟ್ಟಿ ಮಾಡಿ, ಗಾಡಿಯಲ್ಲಿ ಹಾಕಿಸಿಕೊಂಡು ಪೇಟೆಯ ಕ್ಯಾಮರಾ ಅಂಗಡಿಗೆ ಒಯ್ದೆ. ಅಂಗಡಿಯವರು ಎರಡು ಸಣ್ಣ ಕ್ಯಾಮರಾ ಮುಂದಿಟ್ಟರು. ಒಂದು ಡಬ್ಬಿಯಂಥದು, ಬಲು ಹಗುರ. ಆದರೆ ಅದರದು ಒಂದೇ ವೇಗ, ಅಲ್ಲಾಡುವುದೆಲ್ಲ ಕಲಸಿಹೋಗುತ್ತದೆ ಎಂದು ಅವರೇ ಹೇಳಿದರು. ಇನ್ನೊಂದು ಮಡಿಸುವಂಥದು, ರೋಲ್ ಫಿಲ್ಮ್ ಹಾಕುವಂಥದು. ಮುಚ್ಚಿದರೆ ಚರ್ಚಿಗೆ ಒಯ್ಯುವ ನಮ್ಮ ಜಪದ ಪುಸ್ತಕದಷ್ಟು. ತೆರೆದರೆ ಲೆನ್ಸು ಮುಂದಕ್ಕೆ ಬರುತ್ತದೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಷಟರ್ ಬಡಿಯುತ್ತದೆ. ಡಬ್ಬಿಗಿಂತ ತುಸು ಭಾರವೇ. ಕೈ ಚಾಚಿ ಅದನ್ನು ಬಹಳ ಹೊತ್ತು ಹಿಡಿದು ನಿಂತೆ. ಕೈ ನಡುಗಲಿಲ್ಲ. ಅಪ್ಪನದನ್ನು ಕೊಟ್ಟು ಅದನ್ನೇ ತೆಗೆದುಕೊಂಡೆ.

ಮನೆಯಲ್ಲಿ ದೊಡ್ಡ ರಂಪವಾಯಿತು. "ಅಣ್ಣನ ಕ್ಯಾಮರಾ ಕೊಟ್ಬುಟ್ಟು ಈ ಆಟದ ಸಾಮಾನು ತಂದ್ಯಾ?" ಎಂದು ಚಿಕ್ಕಪ್ಪ ಕೂಗಾಡಿದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ನಿಮ್ಮಪ್ಪನ ಗುರುತು ಅಂತ ಇದ್ದದ್ದು ಅದೊಂದೇ ಕಣೇ." ಆ ಮಾತು ಮಾತ್ರ ನನಗೆ ಚುಚ್ಚಿತು. ಆದರೂ ಬಗ್ಗಲಿಲ್ಲ.

"ಅಪ್ಪಂಗೆ ಬೇಕಾಗಿದ್ದು ಹಕ್ಕಿ ಕಣಮ್ಮ, ಪೆಟ್ಟಿಗೆ ಅಲ್ಲ" ಎಂದೆ.

"ಬಾಯಿ ಬೇರೆ!" ಎಂದರು ಚಿಕ್ಕಪ್ಪ. "ಶನಿವಾರ ಬೋಗಾದಿ ಕೆರೆಗೆ ನಡಿ. ನಾನು ಸ್ಟುಡಿಯೋದ ದೊಡ್ಡ ಕ್ಯಾಮರಾ ತತ್ತೀನಿ, ನೀನು ಇದನ್ನ ತಾ. ನಿಂದ್ರಲ್ಲಿ ಹಕ್ಕಿ ಬಂದ್ರೆ ಇಟ್ಕೋ. ಬರ್ದಿದ್ರೆ ಅಂಗಡಿಗೆ ವಾಪಸ್ ಕೊಟ್ಟು ಅಣ್ಣಂದು ತಂದ್ಬುಡು. ಆಮೇಲೆ ಕ್ಯಾಮರಾ ಅನ್ನೋ ಮಾತೇ ಎತ್ಕೂಡ್ದು."

"ಬಂದ್ರೆ ಅದನ್ನ ಸ್ಟುಡಿಯೋ ಮುಂದಿನ ಗಾಜಿನ ಬೀರುವಿನಲ್ಲಿ ಹಾಕ್ಬೇಕು ಚಿಕ್ಕಪ್ಪ, ಎಲ್ರಿಗೂ ಕಾಣೋ ಹಾಗೆ" ಎಂದೆ.

"ಹಾಕ್ಕೋ ಹೋಗು!"

ಶನಿವಾರ ಬೆಳಿಗ್ಗೆ ಜಟಕಾದಲ್ಲಿ ಅವರ ಸಾಮಾನೇ ತುಂಬಿಹೋಗಿ, ನಾನು ಕಾಲು ಮುದುರಿಕೊಂಡು ಕೂತೆ. ನನ್ನ ಸಾಮಾನು ಹೆಗಲಿನ ಬಟ್ಟೆಚೀಲದಲ್ಲಿತ್ತು. ಕೆರೆಯ ಆಳವಿಲ್ಲದ ನೀರಿನಲ್ಲಿ ಬೆಳ್ಳಕ್ಕಿಗಳ ದೊಡ್ಡ ಹಿಂಡು ನಿಂತಿತ್ತು. ಚಿಕ್ಕಪ್ಪ ಏರಿಯ ಮೇಲೆ ಸ್ಟ್ಯಾಂಡು ಊರಿದರು. ನಾನು ಸೀರೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ಕೆರೆಯ ಮೂಲೆ ಸುತ್ತಿ, ಎದುರು ಬದಿಯ ಜೊಂಡಿನೊಳಗೆ ಮೊಣಕಾಲು ಮುಳುಗುವಷ್ಟು ಕೆಸರಿನಲ್ಲಿ ನಿಂತೆ. ಈಗ ಹಕ್ಕಿಗಳು ನಮ್ಮಿಬ್ಬರ ನಡುವೆ. ಅವು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಎಂದು ಒಂದು ಹೆಜ್ಜೆ ಕಿತ್ತೆ.

ಅಷ್ಟರಲ್ಲಿ ಏರಿಯ ಮೇಲೆ ಎಲ್ಲ ಸಿದ್ಧವಾಗಿತ್ತು. ಪ್ಲೇಟು ಹಾಕಿದ್ದಾಯಿತು. ಚಿಕ್ಕಪ್ಪ ಲೆನ್ಸಿನ ಮುಚ್ಚಳದ ಮೇಲೆ ಕೈಯಿಟ್ಟರು. ಇಷ್ಟು ವರ್ಷದ ಅಭ್ಯಾಸ ಬಿಡುತ್ತದೆಯೇ? ಎದೆತುಂಬ ಉಸಿರೆಳೆದು ಕೂಗಿಯೇಬಿಟ್ಟರು.

"ಅಲ್ಲಾಡ್ಬೇಡೀ!"

ಇಡೀ ಹಿಂಡು ಒಮ್ಮೆಗೇ ಎದ್ದಿತು. ಕೆರೆ ಬೆಳ್ಳಗಾಯಿತು. ನಾನು ಯೋಚನೆ ಮಾಡಲಿಲ್ಲ, ಕೈ ತಾನೇ ಮೇಲೆದ್ದಿತು, ಬೆರಳು ಒತ್ತಿತು. ಇನ್ನೊಂದಕ್ಕೆ ಫಿಲ್ಮ್ ಸುತ್ತುವಷ್ಟರಲ್ಲಿ ಆಕಾಶ ಬರಿದಾಗಿತ್ತು.

ವಾಪಸ್ ಬಂದವರೇ ಸೀದಾ ಸ್ಟುಡಿಯೋದೊಳಗೆ ಹೋದೆವು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಅವರ ಪ್ಲೇಟು ಮೊದಲು ತೊಳೆದೆವು. ನೀರು, ಜೊಂಡು. ನನ್ನ ಫಿಲ್ಮ್ ತೊಳೆದು, ಒಣಗಿಸಿ, ದೊಡ್ಡದು ಮಾಡಿ ಅಚ್ಚು ಹಾಕಿದೆ. ಕಾಗದದ ಮೇಲೆ ಒಂದೊಂದೇ ಬೆಳ್ಳಕ್ಕಿ ಮೂಡಿತು. ರೆಕ್ಕೆಯ ತುದಿಗಳು ತುಸು ಕಲಸಿದ್ದವು, ಬಡಿಯುತ್ತಿರುವುದು ಗೊತ್ತಾಗುವಂತೆ. ಅವುಗಳ ಕೆಳಗೆ, ಏರಿಯ ಮೇಲೆ, ಮುಚ್ಚಳ ಹಿಡಿದ ಚಿಕ್ಕಪ್ಪ. ಬಾಯಿ ಅಗಲವಾಗಿ ತೆರೆದಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಕೆಳಗಿಂದು ಕತ್ತರಿಸ್ಬುಡು" ಎಂದರು.

"ಕತ್ತರಿಸಲ್ಲ."

"ಏನಂದೆ?"

"ಇದ್ರಲ್ಲಿ ಏನೂ ತಿದ್ದಲ್ಲ, ಏನೂ ಕತ್ತರಿಸಲ್ಲ. ಮಾತು ಕೊಟ್ಟಿದ್ದೀರಿ."

ಮರುದಿನ ಭಾನುವಾರ. ಚರ್ಚಿನಿಂದ ಬಂದವಳೇ ಗಾಜಿನ ಬೀರು ತೆರೆದು, ಮದುಮಕ್ಕಳ ಫೋಟೋಗಳನ್ನು ಪಕ್ಕಕ್ಕೆ ಸರಿಸಿ ನಡುವೆ ಹಾಕಿದೆ. ಅಮ್ಮ ಹೊರಗೆ ಬಂದು ಬಹಳ ಹೊತ್ತು ನೋಡಿದರು. "ಸಿಕ್ತಲ್ಲ ನಿಮ್ಮಪ್ಪಂಗೆ" ಎಂದಷ್ಟೇ ಹೇಳಿ ಗಾಜಿನ ಮೇಲೆ ಕೈಯಿಟ್ಟರು. ಆಗ ನಾನೂ ಅತ್ತೆ.

ಹಾದುಹೋಗುತ್ತಿದ್ದ ಯಾರೋ ಪರಿಚಯದವರು ನಿಂತರು. "ಇದೇನ್ ಚೌರಪ್ಪನೋರೆ, ಬಾಯಿ ಬಿಟ್ಕೊಂಡು ನಿಂತಿದ್ದೀರಿ?"

ಚಿಕ್ಕಪ್ಪ ನನ್ನ ಕಡೆ ನೋಡಿದರು, ಫೋಟೋ ಕಡೆ ನೋಡಿದರು, ಮೀಸೆ ನೀವಿಕೊಂಡರು. "ಬಾಯಿ ಬಿಡ್ದೆ ಹಕ್ಕಿ ಏಳ್ತಿದ್ವೇನ್ರೀ? ಎಬ್ಬಿಸಿದ್ದೇ ನಾನು!"

ಸಾಯುವವರೆಗೂ ಅವರು ಎಲ್ಲರಿಗೂ ಹಾಗೇ ಹೇಳಿದರು. ಒಳಕೋಣೆಯ ಪೆನ್ಸಿಲನ್ನು ನಾನು ಮತ್ತೆ ಮುಟ್ಟಲಿಲ್ಲ, ಮುಟ್ಟು ಎಂದು ಅವರೂ ಹೇಳಲಿಲ್ಲ. ಈಗ ನನ್ನ ಕೈ ನಡುಗುತ್ತದೆ, ಆದರೂ ಆ ಕ್ಯಾಮರಾ ಹಿಡಿದರೆ ಆವತ್ತಿನ ಹಟವೇ ಮೈಯಲ್ಲಿ ಏಳುತ್ತದೆ. ಎಬ್ಬಿಸಿದ್ದು ಚಿಕ್ಕಪ್ಪನೇ, ಇಲ್ಲ ಎನ್ನುವುದಿಲ್ಲ. ಹಿಡಿದದ್ದು ನಾನು.